ಮೀನು ಬಿಟ್ಟ ಮನೆ

೧೯೭೩ರಲ್ಲಿ ನಾನು ಮುಂಬಯಿಯ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ಡಯಟಿಷಿಯನ್ ಆಗಿದ್ದೆ. ಮೈಸೂರಿನಲ್ಲಿ ಹೋಂ ಸೈನ್ಸ್ ಓದಿ, ಮದುವೆಯಾಗಿ ಚೆಂಬೂರಿಗೆ ಬಂದವಳು ನಾನು. ಗಂಡನ ರಿಫೈನರಿ ಶಿಫ್ಟುಗಳ ನಡುವೆ ನನ್ನದೂ ಒಂದು ನೌಕರಿ ಇರಲಿ ಎಂದು ಸೇರಿಕೊಂಡವಳು ನಿವೃತ್ತಿಯವರೆಗೂ ಅಲ್ಲೇ ಉಳಿದುಬಿಟ್ಟೆ. ಡಯಟಿಷಿಯನ್ ಎಂದರೆ ಆಗ ಹೆಚ್ಚಿನವರ ಪಾಲಿಗೆ ಆಸ್ಪತ್ರೆಯ ಅಡುಗೆಮನೆಯ ಉಸ್ತುವಾರಿ ನೋಡುವ ಹೆಂಗಸು. ಯಾವ ರೋಗಿ ಏನನ್ನು, ಎಷ್ಟು ತಿನ್ನಬೇಕೆಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸವೆಂದು ವಾರ್ಡ್‌ಬಾಯ್‌ಗಳಿಗೆ ವಿವರಿಸಿ ವಿವರಿಸಿ ಕೊನೆಗೆ ಕೈಬಿಟ್ಟೆ. ಅವರು ನನ್ನನ್ನು 'ಡಾಯೆಟ್ ಬಾಯಿ' ಎನ್ನುತ್ತಿದ್ದರು. ಬಾಯಿ ಎಂದರೆ ಮರಾಠಿಯಲ್ಲಿ ಅಮ್ಮಾವ್ರು ಎಂದ ಹಾಗೆ. ರೋಗಿಗಳಿಗೂ ಅದೇ ರೂಢಿಯಾಯಿತು.

ಈ ಪ್ರಕರಣವನ್ನು ಬರೆಯುತ್ತೇನೆ ಎಂದಾಗ ನನ್ನ ಮಗಳು, "ನೆನೆಸಿಕೊಂಡರೆ ಬೇಜಾರಾಗಲ್ವಾ ಅಮ್ಮ?" ಎಂದು ಕೇಳಿದಳು. ಇಲ್ಲ ಎಂದೆ. ಅದು ನಿಜ. ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ದಿನವೂ ನೂರು ಜನರ ಕಾಯಿಲೆ ನೋಡುವ ಕಡೆ ಮನಸ್ಸು ಒಂದು ಹಂತದಲ್ಲಿ ಜಡವಾಗುತ್ತದೆ. ಅದನ್ನು ಕೆಲವರು ಧೈರ್ಯ ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ. ಆದರೂ ಈ ಒಂದು ಮನೆಯ ಊಟ ಮಾತ್ರ ನನಗೆ ಇಂದಿಗೂ ವಿವರವಾಗಿ ನೆನಪಿದೆ.

ಮಂಗಳವಾರ ನಮ್ಮಲ್ಲಿ ಮಧುಮೇಹದ ಕ್ಲಿನಿಕ್. ಈಗಿನ ಹಾಗೆ ಬೆರಳು ಚುಚ್ಚಿ ಕ್ಷಣದಲ್ಲಿ ಸಕ್ಕರೆ ಹೇಳುವ ಯಂತ್ರ ಇರಲಿಲ್ಲ. ರೋಗಿಯ ಮೂತ್ರವನ್ನು ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣದ ಜೊತೆ ಕಾಯಿಸುವುದು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಕೆಂಪಾದರೆ ವಿಪರೀತ. ಅದೇ ಮೂತ್ರವನ್ನು ಬೇರೆ ನಳಿಕೆಯಲ್ಲಿ ಬರಿದೇ ಕಾಯಿಸಿದಾಗ ಹಾಲಿನ ಹಾಗೆ ಮೋಡ ಕಟ್ಟಿದರೆ ಆಲ್ಬುಮಿನ್ ಹೋಗುತ್ತಿದೆ ಎಂದರ್ಥ. ಆಲ್ಬುಮಿನ್ ಅಂದರೆ ರಕ್ತದಲ್ಲಿರುವ ಪ್ರೋಟೀನ್. ಅದು ಮೂತ್ರಕ್ಕೆ ಸೋರುತ್ತಿದ್ದರೆ ಕಿಡ್ನಿಯ ಜರಡಿ ಹಾಳಾಗಿದೆ ಎಂದು ತಿಳಿಯಬೇಕು.

ಸಂಜೀವ ಎಂಬ ರೋಗಿಯ ನಳಿಕೆ ಒಂದು ಇಟ್ಟಿಗೆ ಕೆಂಪು, ಇನ್ನೊಂದು ಹಾಲು. ನಲವತ್ತೇಳರ ವಯಸ್ಸು, ತೂಕ ತೊಂಬತ್ತನಾಲ್ಕು ಕಿಲೋ, ಎತ್ತರ ನನಗಿಂತ ತುಸು ಹೆಚ್ಚು, ಅಷ್ಟೆ. ಉಡುಪಿಯ ಹತ್ತಿರದ ಕಡಲಕರೆಯವರು. ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಬ್ಯಾಂಕು, ಕೋರ್ಟುಗಳ ಗುಮಾಸ್ತರೇ ಗಿರಾಕಿಗಳಾಗಿರುವ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಕೆಲಸ. ಮನೆ ಗೋರೆಗಾಂವ್‌ನ ಒಂದು ಚಾಳಿನಲ್ಲಿ, ಎಂದರೆ ವಠಾರದಲ್ಲಿ. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದಗಳಿಗೆ ಸ್ಪರ್ಶ ಹೋಗಿತ್ತು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಂದು ಚಪ್ಪಲಿ ಕಳಚಿಹೋದದ್ದು ತಿಳಿಯದೆ ಚರ್ಚ್‌ಗೇಟಿನಿಂದ ಹೋಟೆಲಿನವರೆಗೆ ಒಂದೇ ಚಪ್ಪಲಿಯಲ್ಲಿ ನಡೆದ ಕಥೆಯನ್ನು ಅವರು ನನಗೆ ನಗುತ್ತಲೇ ಹೇಳಿದ್ದರು. ನನಗೂ ನಗು ಬಂದಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯ ವೈದ್ಯರು, ಹುಟ್ಟಾ ಸಸ್ಯಾಹಾರಿ. ಆ ಕಾಲದ ತಿಳಿವಳಿಕೆಯೂ ಅವರ ಬೆನ್ನಿಗಿತ್ತು. ನಾವು ತಿಂದ ಪ್ರೋಟೀನ್ ದೇಹದಲ್ಲಿ ಬಳಕೆಯಾದ ಮೇಲೆ ಯೂರಿಯಾ ಎಂಬ ಕಸ ಉಳಿಯುತ್ತದೆ. ಅದನ್ನು ಹೊರಹಾಕುವುದು ಕಿಡ್ನಿ. ಕಿಡ್ನಿ ಸೋತಾಗ ಪ್ರೋಟೀನ್ ಕಡಿಮೆ ಮಾಡಿ ಅದರ ಹೊರೆ ಇಳಿಸಬೇಕೆನ್ನುವುದು ಆಗಿನ ಪಾಠ. ಮುಖ್ಯಸ್ಥರು ಸಂಜೀವ ಅವರ ಕೇಸ್‌ಪೇಪರಿನಲ್ಲಿ, ಮಾಂಸ, ಮೀನು, ಮೊಟ್ಟೆ ಸಂಪೂರ್ಣ ಬಂದ್ ಎಂದು ಬರೆದು ಅಡಿಗೆರೆ ಎಳೆದರು. ನಾನು ಅದಕ್ಕೆ ಹೊಂದುವಂತೆ ಗಂಜಿ, ತರಕಾರಿ, ಅಳತೆಯ ಮಜ್ಜಿಗೆ ಎಂದು ಒಂದು ದಿನದ ಊಟ ಹೊಂದಿಸಿ, ಸಕ್ಕರೆ, ಎಣ್ಣೆ, ಉಪ್ಪಿನ ಮಿತಿಯನ್ನೂ ಹೇಳಿ ಕಳಿಸಿದೆ. ಇಷ್ಟೆಲ್ಲ ಹೇಳಿದರೂ ರೋಗಿಯ ಕಿವಿಗೆ ಬೀಳುವುದು ಅಡಿಗೆರೆ ಎಳೆದ ಮಾತೊಂದೇ.

ಮೂರು ತಿಂಗಳಲ್ಲಿ ಅವರ ತೂಕ ತೊಂಬತ್ತೇಳಕ್ಕೆ ಏರಿತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ರಕ್ತದ ಯೂರಿಯಾ ಐವತ್ತೆಂಟು, ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ. "ಮೀನು ಮುಟ್ಟಿಲ್ಲ ಸಾಬ್" ಎಂದು ಸಂಜೀವ ಎದೆ ಮುಟ್ಟಿ ಹೇಳಿದರು. ಮುಖ್ಯಸ್ಥರು ನಂಬಲಿಲ್ಲ. ಮೀನು ತಿನ್ನುವವರು ಮೀನು ಬಿಡುವುದುಂಟೇ ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅಂದರು. ಹೀಗೇ ಮುಂದುವರಿದರೆ ಒಂದೆರಡು ವರ್ಷದೊಳಗೆ ಕಿಡ್ನಿ ಪೂರ್ತಿ ನಿಲ್ಲುತ್ತದೆ ಎಂದೂ ಹೇಳಿದರು.

ಮರುವಾರ ಸಂಜೀವ ಅವರ ಹೆಂಡತಿ ಗಿರಿಜಾ ಒಬ್ಬರೇ ಬಂದರು. ಬೇರೆ ರೋಗಿಗಳು ಹೋಗುವವರೆಗೆ ಬೆಂಚಿನ ತುದಿಯಲ್ಲಿ ಕಾದು, ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಬಾಯಿ, ಡಾಕ್ಟ್ರು ಇವರನ್ನು ಸುಳ್ಳ ಅಂತ ಹೇಳಿದ್ರಂತೆ. ದೇವರಾಣೆ, ಇವರು ಮೀನು ಮುಟ್ಲಿಲ್ಲ. ನಾನು ಮನೆಗೇ ತರುದಿಲ್ಲ. ಚಾಳಿನಲ್ಲಿ ನಮ್ಮ ಊರಿನವರು ನಾಲ್ಕು ಮನೆ ಉಂಟು. ಮೀನಿನ ವಾಸನೆಯೇ ಇಲ್ಲ, ಯಾರು ತೀರಿಕೊಂಡದ್ದು ಗಿರಿಜಕ್ಕಾ ಅಂತ ಕೇಳ್ತಾರೆ. ನಾನು ಎಂತ ಹೇಳುದು?"

ಮೈಸೂರಿನ ನನಗೆ ಅದರ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಕಡೆ ಮನೆಯಲ್ಲಿ ಸಾವಾದರೆ ಬೊಜ್ಜದವರೆಗೆ, ಎಂದರೆ ಉತ್ತರಕ್ರಿಯೆ ಮುಗಿಯುವವರೆಗೆ, ಮೀನು ಬೇಯಿಸುವುದಿಲ್ಲ. ಅದಾದ ಮೇಲೆ ಮೀನು ಒಳಗೆ ಬಂದರೆ ಸೂತಕ ಕಳೆದು ಮನೆ ಮೊದಲಿನ ಹಾಗಾಯಿತು ಎಂದು ಲೆಕ್ಕ. ಗಂಡ ಜೀವಂತವಾಗಿ ಓಡಾಡಿಕೊಂಡಿರುವಾಗಲೇ ತಿಂಗಳುಗಟ್ಟಲೆ ಆ ಒಲೆ ಸಾವಿನ ಮನೆಯ ಒಲೆಯಾಗಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಒಂದು ಗೆರೆಯಾಗಿದ್ದದ್ದು ಆ ಮನೆಯಲ್ಲಿ ಅಪಶಕುನವಾಗಿ ಕೂತಿತ್ತು.

"ರಾತ್ರಿ ಊಟಕ್ಕೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಗಂಜಿ ಮಾಡಿ ಇಡ್ತೇನೆ. ಅವರಿಗೆ ಬೇಡ. ಮೊದಲೆಲ್ಲ ಮೀನುಸಾರಿನ ಪರಿಮಳಕ್ಕೆ ಮೆಟ್ಟಿಲಿನಿಂದಲೇ 'ಬಡಿಸು' ಅಂತ ಕೂಗ್ತಿದ್ರು. ಈಗ ಬಂದವರು ಗೋಡೆಗೆ ಮುಖ ಮಾಡಿ ಮಲಗ್ತಾರೆ. ಹೋಟೆಲಿನ ಧಣಿಗಳು, ಊರಿಗೆ ಹೋಗಿ ಸುಧಾರಿಸ್ಕೋ ಅಂತಿದ್ದಾರೆ. ಊರಲ್ಲಿ ನಮಗೆ ಎಂತ ಉಂಟು ಬಾಯಿ? ಅವರು ಹೋದರೆ ನನಗೆ ಯಾರು ಉಂಟು?"

ಮನೆಯಲ್ಲಿ ಊಟ ಬಿಟ್ಟ ಮನುಷ್ಯನ ತೂಕ ಮೂರು ಕಿಲೋ ಏರಿದೆ. ಅದು ನೀರಿನ ಬಾವು ಮಾತ್ರವಲ್ಲ, ನಳಿಕೆಯೂ ಇಟ್ಟಿಗೆ ಕೆಂಪಾಗಿದೆ. ಹಾಗಾದರೆ ಅವರು ಬೇರೆಲ್ಲೋ ತಿನ್ನುತ್ತಿದ್ದಾರೆ. ಇದನ್ನು ತಿಳಿಯಲು ಡಿಗ್ರಿ ಬೇಕಿರಲಿಲ್ಲ. ಆ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾನು ಫೋರ್ಟಿಗೆ ಹೋದೆ.

ಊಟದ ಭರಾಟೆಯ ಹೊತ್ತು. ಸಂಜೀವ ಗಲ್ಲಾದ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡದ್ದೇ, ಮದುವೆಮನೆಗೆ ಬಂದ ಬೀಗರನ್ನು ಕಂಡ ಹಾಗೆ ಸಂಭ್ರಮಪಟ್ಟು, ಹತ್ತಿರದ ಮೇಜನ್ನೇ ಖಾಲಿ ಮಾಡಿಸಿದರು. ನಾನು ಊಟ ಮಾಡುತ್ತ ಅವರನ್ನೇ ನೋಡುತ್ತಿದ್ದೆ. ಗಲ್ಲಾದ ಪಕ್ಕದಲ್ಲೇ ಅವರ ತಟ್ಟೆ. ಗಿರಾಕಿಗೆ ಚಿಲ್ಲರೆ ಕೊಡುವುದು, ಒಂದು ತುತ್ತು. ಚಿಲ್ಲರೆ ಕೊಡುವುದು, ಇನ್ನೊಂದು ತುತ್ತು. ಪೂರಿ, ಆಲೂಗಡ್ಡೆ ಪಲ್ಯ, ಅನ್ನದ ಮೇಲೆ ಸಾಂಬಾರು, ಮತ್ತೆ ಅನ್ನ, ಕರಿದ ಹಪ್ಪಳ, ಉಪ್ಪಿನಕಾಯಿ. ಕೊನೆಯಲ್ಲಿ ಒಂದು ಬಟ್ಟಲು ಸಿಹಿ ಶೀರಾ ಬಂತು. ಬೆಳಗಿನ ಇಡ್ಲಿ ವಡೆ, ಸಂಜೆಯ ಬಜ್ಜಿ, ನಡುವಿನ ಸಕ್ಕರೆ ಹಾಕಿದ ಚಹಾಗಳ ವಿಷಯವನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳಿದರು.

"ಈಗ ನಾನೂ ನಿಮ್ಮ ಹಾಗೆಯೇ ಬಾಯಿ, ಪೂರಾ ಸಸ್ಯಾಹಾರಿ! ನಮ್ಮ ಧಣಿಗಳಿಗೆ ಎಷ್ಟು ಖುಷಿ ಗೊತ್ತುಂಟಾ? ಬೇಕಾದ್ದು ತಿನ್ನು ಅಂತ ಹೇಳಿದ್ದಾರೆ."

"ಇಷ್ಟೆಲ್ಲಾನಾ ಸಂಜೀವಣ್ಣ? ನಾನು ಅಳತೆ ಹೇಳಿರಲಿಲ್ವಾ?"

"ಇದರಲ್ಲಿ ಮೀನು ಎಲ್ಲಿ ಉಂಟು ಬಾಯಿ?" ಎಂದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಅಲ್ಲಿ ಕುಳಿತಾಗ ನನಗೆ ಅವರ ದಿನ ಪೂರ್ತಿ ಕಾಣಿಸಿತು. ಸಸ್ಯಾಹಾರಿ ಹೋಟೆಲಿನೊಳಗೆ ಮೀನಿನ ಡಬ್ಬಿ ತರುವಂತಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಅವರು ಮಧ್ಯಾಹ್ನ ಎರಡು ಇಡ್ಲಿಯಲ್ಲೋ ಒಂದು ದೋಸೆಯಲ್ಲೋ ಮುಗಿಸಿ, ಮನೆಯ ಮೀನುಸಾರಿಗಾಗಿ ಹೊಟ್ಟೆಯನ್ನು ಕಾಯ್ದಿರಿಸಿಕೊಂಡು ಬಂದಿದ್ದರು. ಮೀನು ಹೋದ ಮೇಲೆ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಎದುರಿಗೆ ಪುಕ್ಕಟೆಯಾಗಿ, ದಿನವಿಡೀ, ಧಣಿಯ ಆಶೀರ್ವಾದ ಸಮೇತ ಇದ್ದದ್ದನ್ನು ತಿಂದರು. ಸಸ್ಯದಿಂದ ಬಂದದ್ದೆಲ್ಲ ಪಥ್ಯ ಎಂದುಕೊಂಡಿದ್ದರು. ಹಾಗೆ ಅಂದುಕೊಳ್ಳುವವರು ನಮ್ಮ ಆಸ್ಪತ್ರೆಯಲ್ಲೂ ಕೋಟು ಹಾಕಿಕೊಂಡು ಓಡಾಡುತ್ತಿದ್ದರು.

ಸೋಮವಾರ ಮುಖ್ಯಸ್ಥರ ಬಳಿಗೆ ಹೋದೆ. ಪ್ರೋಟೀನ್ ಕಡಿಮೆ ಕೊಡಬೇಕು, ಒಪ್ಪಿದೆ, ದಿನಕ್ಕೆ ನಲವತ್ತು ಗ್ರಾಂ ಎಂದು ಇಟ್ಟುಕೊಳ್ಳೋಣ. ಆದರೆ ಆ ನಲವತ್ತರಲ್ಲಿ ಒಂದು ಪಾಲು ದೇಹ ಚೆನ್ನಾಗಿ ಬಳಸಿಕೊಳ್ಳುವ ಪ್ರೋಟೀನ್ ಆಗಿರಬೇಕೆಂದು ಪಠ್ಯಪುಸ್ತಕವೇ ಹೇಳುತ್ತದೆ. ಅದಕ್ಕೆ ಜೈವಿಕ ಮೌಲ್ಯ ಎಂದು ಹೆಸರು. ಮೊಟ್ಟೆ, ಹಾಲು, ಮೀನು ಮೂರೂ ಆ ಸಾಲಿನವು. ಅರವತ್ತು ಗ್ರಾಂ ಮೀನಿನಿಂದ ಸುಮಾರು ಹನ್ನೆರಡು ಗ್ರಾಂ ಪ್ರೋಟೀನ್ ಬರುತ್ತದೆ. ಮಿಕ್ಕದ್ದು ಅನ್ನ, ತರಕಾರಿಯಲ್ಲಿ ಸಿಗುತ್ತದೆ. ಇಷ್ಟನ್ನು ಹೇಳಿ ಒಂದು ತುಂಡು ಮೀನು ಕೊಡೋಣ ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಬ್ರಾಹ್ಮಣರಲ್ಲವೇ? ಮೀನಿನ ಪರ ವಕಾಲತ್ತು ಯಾವಾಗ ಶುರು ಮಾಡಿದಿರಿ?"

"ಮೀನಿನ ಪರ ಅಲ್ಲ ಸರ್. ಆತ ಹಸಿದುಕೊಂಡು ಮನೆಗೆ ಹೋಗಬೇಕು. ಅದಕ್ಕೆ ಮನೆಯಲ್ಲಿ ಏನಾದರೂ ಇರಬೇಕು."

ಹೋಟೆಲಿನ ತಟ್ಟೆಯ ವಿವರವನ್ನು ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಸ್‌ಪೇಪರಿನಲ್ಲಿ ತಮ್ಮ ಅಡಿಗೆರೆಯ ಮಾತಿನಿಂದ ಮೀನನ್ನು ಹೊಡೆದುಹಾಕಿದರು. ಮೂರು ತಿಂಗಳು ನೋಡೋಣ ಎಂದರು. ದೊಡ್ಡವರಲ್ಲಿ ಇದು ಕಡಿಮೆ ಕಾಣುವ ಗುಣ, ಅವರಲ್ಲಿತ್ತು.

ಮುಂದಿನ ಭಾನುವಾರ ಆಸ್ಪತ್ರೆಯ ಅಡುಗೆಮನೆಯ ಪುಟ್ಟ ತಕ್ಕಡಿ ಹಿಡಿದು ಗೋರೆಗಾಂವ್‌ಗೆ ಹೋದೆ. ನಾನು ಅದುವರೆಗೆ ಮೀನನ್ನು ಕೈಯಲ್ಲಿ ಹಿಡಿದವಳಲ್ಲ. ಗಿರಿಜಾ ಬಂಗುಡೆ ತಂದು, ಕುಯ್ದು, ತೊಳೆದು ಇಟ್ಟಿದ್ದರು. ಮೂಗು ಬಿಗಿಹಿಡಿದು ತುಂಡುಗಳನ್ನು ಒಂದೊಂದಾಗಿ ತೂಗಿದೆ. ಗಿರಿಜಾ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

"ವಾಸನೆ ಆಗುದಿಲ್ವಾ ಬಾಯಿ?"

"ಆಗುತ್ತೆ. ಸುಮ್ಮನೆ ತುಂಡು ಕೊಡಿ."

ತಕ್ಕಡಿ ಅವರ ಬಳಿ ಇರದು, ಅದಕ್ಕೆ ಕಣ್ಣಳತೆ ಹೇಳಿಕೊಟ್ಟೆ. ಮುಳ್ಳು ಬಿಟ್ಟು ಎರಡು ಬೆಂಕಿಪೊಟ್ಟಣದಷ್ಟು ಮೀನು, ದಿನಕ್ಕೆ ಒಂದೇ ಸಲ, ರಾತ್ರಿಯ ಊಟಕ್ಕೆ. ಹುರಿಯಬಾರದು. ಉಪ್ಪು ಚಿಟಿಕೆ ಮಾತ್ರ. ಒಣಮೀನು ಬೇಡವೇ ಬೇಡ, ಅದು ಉಪ್ಪಿನ ಗಣಿ. ಮೀನು ಬೇಕೆಂದರೆ ಹೋಟೆಲಿನಲ್ಲಿ ಎರಡು ಇಡ್ಲಿ, ಸಕ್ಕರೆಯಿಲ್ಲದ ಚಹಾ, ಅಷ್ಟೇ. ಸಂಜೀವ ಚಾಪೆಯ ಮೇಲೆ ಕುಳಿತು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಅಂದಿನ ಸಾರನ್ನು ಗಿರಿಜಾ ನನ್ನೆದುರಿಗೇ ಕುದಿಸಿದರು. ಬಾಗಿಲ ಬಳಿ ಪಕ್ಕದ ಮನೆಯ ಹೆಂಗಸು ಇಣುಕಿ, ತುಳುವಿನಲ್ಲಿ ಏನೋ ಅಂದಳು. "ಏನಂತೆ?" ಎಂದು ಕೇಳಿದೆ.

"ಅಬ್ಬ, ನಿಮ್ಮ ಮನೆಗೆ ಜೀವ ಬಂತು ಅಂತ ಹೇಳಿದ್ಳು" ಎಂದರು ಗಿರಿಜಾ.

ಮೂರು ತಿಂಗಳಲ್ಲಿ ತೂಕ ತೊಂಬತ್ತಕ್ಕೆ ಇಳಿಯಿತು. ಕಾಲಿನ ಬಾವು ಹೋಯಿತು. ಬೆನೆಡಿಕ್ಟ್ ನಳಿಕೆ ಹಸಿರಿಗೆ ಬಂತು, ಒಮ್ಮೊಮ್ಮೆ ನೀಲಿಯೂ ಆಯಿತು. ಯೂರಿಯಾ ಐವತ್ತರ ಆಸುಪಾಸಿನಲ್ಲಿ ನಿಂತಿತು. ಮರುವರ್ಷದ ಹೊತ್ತಿಗೆ ತೂಕ ಎಂಬತ್ತನಾಲ್ಕು. ಮುಖ್ಯಸ್ಥರು ಈ ಕೇಸನ್ನು ವಿದ್ಯಾರ್ಥಿಗಳಿಗೆ ತೋರಿಸತೊಡಗಿದರು. ಗಿರಿಜಾ ಪ್ರತಿ ಸಲ ಜೊತೆಗೆ ಬಂದು ಬೆಂಚಿನಲ್ಲಿ ಕೂರುತ್ತಿದ್ದರು. ಸಂಜೀವ ಚಪ್ಪಲಿ ಬಿಟ್ಟು ತೂಕದ ಯಂತ್ರ ಹತ್ತಿದಾಗ ಅವರು ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುವರು.

ಆದರೆ ಎರಡನೆಯ ನಳಿಕೆ ಹಾಲಿನ ಬಣ್ಣ ಬಿಡಲೇ ಇಲ್ಲ. ಒಮ್ಮೆ ಹರಿದ ಜರಡಿಯನ್ನು ಊಟದಿಂದ ಹೊಲಿಯಲಾಗದು ಎಂದು ನಮಗೆ ಗೊತ್ತಿತ್ತು, ಅವರಿಗೂ ಹೇಳಿದ್ದೆವು. ಬೊಜ್ಜು, ಮಧುಮೇಹ ಇರುವವರ ಕಿಡ್ನಿಗೆ ಮೀನಿನ ಪ್ರೋಟೀನ್ ಒಳ್ಳೆಯದಾಗಬಹುದೇ ಎಂದು ಈಗ ಚರ್ಚೆ ನಡೆಯುವುದನ್ನು ಪತ್ರಿಕೆಗಳಲ್ಲಿ ಓದುತ್ತೇನೆ. ಸಂಜೀವ ಅವರಿಗೆ ಒಳ್ಳೆಯದು ಮಾಡಿದ್ದು ಮೀನೋ, ಮೀನಿನಿಂದಾಗಿ ತಪ್ಪಿದ ಪೂರಿಯೋ, ನನಗೆ ತಿಳಿಯದು. ಒಬ್ಬ ರೋಗಿಯಿಂದ ಅದನ್ನು ತೀರ್ಮಾನಿಸಲೂ ಬಾರದು.

೧೯೭೫ರ ಮಳೆಗಾಲದಲ್ಲಿ ಅವರಿಗೆ ವಾಂತಿ ಶುರುವಾಯಿತು. ಯೂರಿಯಾ ನೂರೈವತ್ತು ದಾಟಿತು. ಕಣ್ಣು ಮಂಜಾಗಿ ಗಲ್ಲಾದ ಕೆಲಸ ಬಿಟ್ಟರು. ಡಯಾಲಿಸಿಸ್, ಅಂದರೆ ಯಂತ್ರದ ಮೂಲಕ ರಕ್ತ ಶುದ್ಧ ಮಾಡುವ ಚಿಕಿತ್ಸೆ, ಆಗ ನಗರದಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಸಿಗುತ್ತಿತ್ತು. ಮಧುಮೇಹ ಇರುವವರು ಹೆಚ್ಚು ದಿನ ಬಾಳುವುದಿಲ್ಲವೆಂದು ಅವರನ್ನು ಆ ಸಾಲಿಗೇ ಸೇರಿಸುತ್ತಿರಲಿಲ್ಲ. ಅದರಲ್ಲಿ ಯಾರ ದುಷ್ಟತನವೂ ಇರಲಿಲ್ಲ. ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಮುಖ್ಯಸ್ಥರು ಇದನ್ನು ಗಿರಿಜಾ ಅವರಿಗೆ ಹಿಂದಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. ಅವರು ಎರಡು ಸಲವೂ ತಲೆಯಾಡಿಸಿದರು.

ವಾರ್ಡಿನಲ್ಲಿ ಸಂಜೀವ ಅವರಿಗೆ ಕೊನೆಕೊನೆಗೆ ಏನೂ ಸೇರುತ್ತಿರಲಿಲ್ಲ. ಏನು ಬೇಕು ಎಂದು ಕೇಳಿದರೆ, "ನೀವು ಹೇಳಿದ್ದು" ಎನ್ನುವರು. ಒಂದು ಮಧ್ಯಾಹ್ನ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಅವರ ಮಂಚ ಖಾಲಿಯಾಗಿತ್ತು. ನಾನು ಅಡುಗೆಮನೆಗೆ ಫೋನ್ ಮಾಡಿ, ಕಿಡ್ನಿ ಪಥ್ಯದ ತಟ್ಟೆ ನಾಳೆಯಿಂದ ಒಂದು ಕಡಿಮೆ ಎಂದೆ. ಆಮೇಲೆ ಪಕ್ಕದ ಮಂಚದ ರೋಗಿಗೆ ಗಂಜಿಯ ಅಳತೆ ವಿವರಿಸಿದೆ. ನನಗೆ ಅಳು ಬರಲಿಲ್ಲ. ಎಂದಿನ ರೈಲಿಗೇ ಕುರ್ಲಾದವರೆಗೆ ಬಂದು, ಬಸ್ ಹಿಡಿದು ಮನೆಗೆ ಹೋಗಿ ಅಡುಗೆ ಮಾಡಿದೆ. ಗಂಡ, ಇವತ್ತೇನು ವಿಶೇಷ ಎಂದು ಕೇಳಿದರೆ ಏನಿಲ್ಲ ಎಂದೆ. ಸುಳ್ಳು ಹೇಳಿದೆನೆಂದು ಆಗ ಅನ್ನಿಸಲೇ ಇಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಮಂಗಳವಾರ ಗಿರಿಜಾ ಕ್ಲಿನಿಕ್ಕಿಗೆ ಬಂದು ಅದೇ ಬೆಂಚಿನಲ್ಲಿ ಕುಳಿತಿದ್ದರು. ಯಾವುದೋ ಸರ್ಟಿಫಿಕೇಟಿಗೆ ಬಂದಿರಬೇಕು ಎಂದುಕೊಂಡೆ. ಸಾಲು ಕರಗಿದ ಮೇಲೆ ಹತ್ತಿರ ಬಂದರು.

"ಬಾಯಿ, ನಾನು ಇನ್ನು ಮೀನು ತಿನ್ನಬಹುದಾ?"

ನನಗೆ ಅರ್ಥವಾಗಲಿಲ್ಲ. "ಬೊಜ್ಜ ಆಗಿಲ್ವಾ ಗಿರಿಜಮ್ಮ?"

"ಆಯ್ತು. ಮೈದುನ ಬಂದು ಊರಿಗೆ ಕರ್ಕೊಂಡು ಹೋಗಿ ಮಾಡಿಸಿದ್ರು. ಎಲ್ಲರೂ ತಿಂದ್ರು. ನನಗೆ ಕೈ ಹೋಗ್ಲಿಲ್ಲ."

"ನಿಮಗೆ ಯಾರು ಬೇಡ ಅಂದರು?"

"ಯಾರೂ ಹೇಳ್ಲಿಲ್ಲ. ಅವರಿಗೆ ಒಂದೇ ತುಂಡು. ಪಾತ್ರೆಯಲ್ಲಿ ಇನ್ನೊಂದು ಇದ್ದರೆ ಕೇಳುದಿಲ್ವಾ? ಕೇಳಿದ್ರೆ ನನಗೆ ಇಲ್ಲ ಅನ್ನಲಿಕ್ಕೆ ಆಗ್ತದಾ? ಅದಕ್ಕೆ ಒಂದು ತುಂಡಿನಷ್ಟೇ ತರ್ತಿದ್ದೆ. ನಾನು ತಿಂದರೆ ಅವರು ನೋಡ್ತಾರೆ. ಹಾಗಾಗಿ ಅವರ ಗಂಜಿಯೇ ನನಗೂ ಸಾಕಿತ್ತು."

ನಾನು ಆಗ ಅವರನ್ನು ಸರಿಯಾಗಿ ನೋಡಿದೆ. ಕುಪ್ಪಸದ ತೋಳು ಜೋಲುತ್ತಿತ್ತು, ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಎದ್ದು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಮೂವತ್ತೆಂಟು ಕಿಲೋ. ಮೊದಲು ಎಷ್ಟಿದ್ದರು, ಎಷ್ಟು ಇಳಿದರು ಎಂದು ಹೇಳುವುದಕ್ಕೆ ನಮ್ಮಲ್ಲಿ ಏನೂ ಇರಲಿಲ್ಲ. ಅವರ ಗಂಡನ ಪ್ರತಿ ತಿಂಗಳ ತೂಕ ಇತ್ತು. ಅವರ ಹೆಸರಿನಲ್ಲಿ ಕೇಸ್‌ಪೇಪರ್ ಇಲ್ಲದ್ದರಿಂದ ಅವರನ್ನು ಆ ಯಂತ್ರದ ಮೇಲೆ ಯಾರೂ ನಿಲ್ಲಿಸಿರಲಿಲ್ಲ.

"ತಿನ್ನಿ ಗಿರಿಜಮ್ಮ. ಇವತ್ತೇ ತಿನ್ನಿ" ಎಂದೆ.

"ಎಷ್ಟು?"

"ಹೊಟ್ಟೆ ತುಂಬುವಷ್ಟು."

"ಅದು ಎಷ್ಟು ಅಂತ ಮರೆತುಹೋಗಿದೆ ಬಾಯಿ" ಎಂದರು.

ಪಥ್ಯವನ್ನು ನಾವು ಒಬ್ಬರಿಗೆ ಹೇಳುತ್ತೇವೆ, ಅದನ್ನು ಇಡೀ ಮನೆ ಉಣ್ಣುತ್ತದೆ. ಇದನ್ನು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಆ ದಿನದಿಂದ ನಿವೃತ್ತಿಯವರೆಗೆ, ರೋಗಿಯ ಜೊತೆ ಬಂದು ಬೆಂಚಿನಲ್ಲಿ ಕೂರುವವರನ್ನೂ ನಾನು ಒಳಗೆ ಕರೆದು ತೂಕ ನೋಡುತ್ತಿದ್ದೆ. ನಿನ್ನೆ ರಾತ್ರಿ ನೀವು ಏನು ಊಟ ಮಾಡಿದಿರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಮೊದಲು ರೋಗಿಯ ಊಟವನ್ನೇ ಹೇಳುತ್ತಿದ್ದರು. ಅವರದಲ್ಲ, ನಿಮ್ಮದು ಎಂದು ನಾನು ಎರಡನೆಯ ಸಲ ಕೇಳಬೇಕಾಗುತ್ತಿತ್ತು.